ಕಾಸರಗೋಡಿನ ಸೂಚನಾಪತ್ರದ ‘ಮನಃಪೂರ್ವಕ’ಕ್ಕೆ ಅರ್ಥವೇನು?

ವರ್ಗವಾಗಿ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಗೆ ಬಂದಿರುವ ತಾವು, ಅಲ್ಲಿನ ಕಚೇರಿಯೊಂದರ ಕನ್ನಡ ಸೂಚನಾಪತ್ರದಲ್ಲಿ ‘ಮನಃಪೂರ್ವಕವಾಗಿ ತಪ್ಪು ಮಾಹಿತಿ ನೀಡಿದವರ ಮೇಲೆ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯವನ್ನು ಕಂಡು, ತಪ್ಪು ಮಾಹಿತಿಯನ್ನು ಯಾರಾದರೂ ಮನಸಾರೆ ಕೊಡುವುದುಂಟೇ ಎಂದು ಕೇಳಿದ್ದೀರಿ. ಪತ್ರ ಬರೆದವರು ಹೇಳಹೊರಟದ್ದು ‘ಉದ್ದೇಶಪೂರ್ವಕವಾಗಿ’ ಎಂದು. ಮಲಯಾಳದ ‘ಮನಃಪೂರ್ವಂ’ ಅನುವಾದವಾಗದೆ, ಕೊನೆಯಲ್ಲಿ ಒಂದು ಕಕಾರವನ್ನಷ್ಟೇ ಸೇರಿಸಿಕೊಂಡು ಕನ್ನಡ ಪತ್ರದೊಳಗೆ ಬಂದು ಕುಳಿತಿದೆ.

ಎರಡೂ ಭಾಷೆಗಳು ಇದನ್ನು ಪಡೆದದ್ದು ಸಂಸ್ಕೃತದಿಂದಲೇ. ಮನಸ್ಸು ಮೊದಲಾಗಿ, ಅದರ ಹಿಂದೆಯೇ ನಡೆದ ಕೆಲಸ ಎಂಬುದು ಅಕ್ಷರಾರ್ಥ. ಮನಸ್ಸನ್ನು ಒಲವೆಂದು ತಿಳಿದ ಕನ್ನಡದಲ್ಲಿ ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ. ಸಂಕಲ್ಪವೆಂದು ತಿಳಿದ ಮಲಯಾಳದಲ್ಲಿ, ಕೈತಪ್ಪಿ ಲೋಟ ಒಡೆದವನು ‘ಮನಃಪೂರ್ವಂ ಚೆಯ್ದದಲ್ಲ’, ಎಂದರೆ ಬೇಕೆಂದು ಮಾಡಿದ್ದಲ್ಲ, ಎನ್ನುತ್ತಾನೆ. ಒಲವನ್ನು ಹೇಳಲು ಅವರಲ್ಲಿ ‘ಹೃದಯಪೂರ್ವಂ’ ಬೇರೆಯೇ ಇದೆ. ಮಲಯಾಳ ಪತ್ರಿಕೆಗಳ ಅಪಘಾತದ ವರದಿಗಳಲ್ಲಿ ‘ಮನಃಪೂರ್ವಮಲ್ಲಾತ್ತ ನರಹತ್ಯ’ ಎಂಬ ಕಾನೂನಿನ ಮಾತು ಬರುತ್ತದೆ. ಅದನ್ನು ಇದ್ದ ಹಾಗೆಯೇ ಕನ್ನಡಕ್ಕಿಳಿಸಿದರೆ, ಒಲ್ಲದ ಮನಸ್ಸಿನಿಂದ ಮಾಡಿದ ಕೊಲೆ ಎಂದಾದೀತು!

ಇನ್ನು ಕನ್ನಡದ ‘ಬೇಕೆಂದೇ’ ಎಂಬ ಮಾತಿನಲ್ಲಿ ಯಾವಾಗಲೂ ಒಂದು ದೂರು ಅಡಗಿರುತ್ತದೆ. ಬೇಕೆಂದೇ ತಡಮಾಡಿದ, ಬೇಕೆಂದೇ ಕಾಣದವನಂತೆ ಹೋದ ಎನ್ನುತ್ತೇವೆಯೇ ಹೊರತು, ಬೇಕೆಂದೇ ಉಪಕಾರ ಮಾಡಿದ ಎನ್ನುವವರಿಲ್ಲ. ‘ತಿಳಿದೂ ತಿಳಿದೂ’ ಎಂದಾಗ, ಪರಿಣಾಮದ ಅರಿವಿದ್ದೂ ಮಾಡಿದ ಎಂಬ ಆರೋಪ ಇನ್ನಷ್ಟು ಬಿಗಿಯಾಗುತ್ತದೆ. ಇವೆರಡೂ ಆಡುಮಾತಿಗೆ ಹೊಂದುವಂಥವು. ಮಾತಿನಲ್ಲಿ ಸಿಟ್ಟನ್ನು ಬೆರೆಸದೆ ಉದ್ದೇಶವನ್ನಷ್ಟೇ ಗುರುತಿಸಬೇಕಾದ ಕಚೇರಿಯ ಬರಹಕ್ಕೆ ‘ಉದ್ದೇಶಪೂರ್ವಕ’ವೇ ತಕ್ಕದ್ದು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಆಡಳಿತದ ಭಾಷೆ ಮುಖ್ಯವಾಗಿ ಮಲಯಾಳವೇ ಆಗಿರುವುದರಿಂದ, ಇಂಥ ಪದಗಳು ನಮ್ಮ ಮಕ್ಕಳ ಕನ್ನಡದಲ್ಲಿಯೂ ಕೇಳಿಬರುತ್ತವೆ. ಮಾತಿನಲ್ಲಿ ಬಂದರೆ ನನಗೆ ಆಕ್ಷೇಪವಿಲ್ಲ, ಗಡಿಯ ಭಾಷೆ ಇರುವುದೇ ಹಾಗೆ. ಆದರೆ ಶಿಕ್ಷೆಯ ಎಚ್ಚರಿಕೆ ಕೊಡುವ ಪತ್ರವು ಓದುವವನ ಭಾಷೆಯಲ್ಲಿ ಸ್ಪಷ್ಟವಾಗಿರಲೇಬೇಕು. ತಾವು ಉತ್ತರ ಬರೆಯುವುದಿದ್ದರೆ, ‘ಈ ತಪ್ಪು ಉದ್ದೇಶಪೂರ್ವಕವಾದುದಲ್ಲ’ ಎಂದು ಬರೆಯಿರಿ. ಕನ್ನಡ ಬಲ್ಲ ಅಧಿಕಾರಿಗೂ ಮಲಯಾಳಿ ಅಧಿಕಾರಿಗೂ ಅದು ಒಂದೇ ರೀತಿಯಲ್ಲಿ ಅರ್ಥವಾಗುತ್ತದೆ.