ಸೇತುವೆಗೂ ಸೂರು ಯಾಕೆ?

ಪ್ರಶ್ನೆ: ಅಮೆರಿಕದ ಹಳ್ಳಿಗಳ ಚಿತ್ರಗಳಲ್ಲಿ ಮರದ ಸೇತುವೆಗಳಿಗೆ ಮನೆಯಂತೆ ಗೋಡೆ, ಮಾಡು ಕಾಣುತ್ತವೆ. ಒಳಗೆ ಹಿಮ ಬೀಳದಿರಲೆಂದೇ?

ಉತ್ತರ: ಹಿಮಕ್ಕಲ್ಲ. ಕುದುರೆಗಳ ಕಾಲದಲ್ಲಿ ಜಾರುಬಂಡಿ ಸಾಗಲೆಂದು ಚಳಿಗಾಲದಲ್ಲಿ ಹಿಮವನ್ನು ಹೊತ್ತು ತಂದು ಸೇತುವೆಯೊಳಗೆ ಹರಡುತ್ತಿದ್ದರು! ಮಾಡು ಇರುವುದು ಮರವನ್ನು ಕಾಯಲು. ಬಡಗಿಯ ಮಗನಾದ ನಾನು ಚಿಕ್ಕಂದಿನಿಂದ ನೋಡಿದ್ದೇನೆ: ನೀರು ಮೊದಲು ಇಳಿಯುವುದು ಜೋಡಣೆಯ ಸಂದಿಗೆ, ಮರ ಲಡ್ಡಾಗುವುದೂ ಅಲ್ಲಿಂದಲೇ. ಸೇತುವೆಯ ಭಾರವೆಲ್ಲ ಆ ಸಂದಿಗಳ ಮೇಲೇ ಇರುತ್ತದೆ. ಅವು ಒಣಗಿದ್ದರೆ ಮರ ನೂರು ವರ್ಷ ದಾಟುತ್ತದೆ.

ನನಗೆ ಅಚ್ಚುಮೆಚ್ಚು, 1820ರಲ್ಲಿ ಇಥಿಯಲ್ ಟೌನ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಪೇಟೆಂಟ್ ಪಡೆದ ಜಾಲರಿ ವಿನ್ಯಾಸ. ಹಲಗೆಗಳನ್ನು ಓರೆಯಾಗಿ ಒಂದಕ್ಕೊಂದು ಅಡ್ಡ ಹಾಯಿಸಿ, ಅವು ಕೂಡುವಲ್ಲೆಲ್ಲ ತೂತು ಕೊರೆದು ಗಟ್ಟಿಮರದ ಗೂಟ ಬಡಿಯುವುದು. ಭಾರಿ ತೊಲೆಗಳು ಬೇಕಿರಲಿಲ್ಲ, ಊರ ಬಡಗಿಗಳೇ ಕಟ್ಟಬಹುದಿತ್ತು. ಎಂಥ ಸರಳ ಬುದ್ಧಿವಂತಿಕೆ!

ಇದೇ ಬಗೆಯ ಜಾಲರಿಯನ್ನು ದಪ್ಪ ತೊಲೆಗಳಲ್ಲಿ ಹೆಣೆದ ಕಾರ್ನಿಶ್–ವಿಂಡ್ಸರ್ ಸೇತುವೆ 1866ರದು. ಕನೆಕ್ಟಿಕಟ್ ನದಿಯ ಮೇಲೆ ಸುಮಾರು 449 ಅಡಿ ಉದ್ದ. ಅದರ ಬಾಗಿಲ ನೆತ್ತಿಯ ಫಲಕದಲ್ಲಿ ಇಂದಿಗೂ ಓದಬಹುದು: ಕುದುರೆಗಳನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ಕಟ್ಟಿ.