ಪ್ರತಿಕ್ರಿಯೆ: ಜೀನ್ ಸರಿಯಿದ್ದೂ ಪಿ53 ಕಾಣೆಯಾಗುವುದೇಕೆ?
ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ, ಕೋಶವು ಕ್ಯಾನ್ಸರಿಗೆ ತಿರುಗದಂತೆ ಕಾಯುವ ಪಿ53 ಜೀನ್ ಬಹುಮಟ್ಟಿಗೆ ಕೆಡದೆ ಇದ್ದರೂ ಅದರ ಪ್ರೋಟೀನ್ ಏಕೆ ಕಾಣುವುದಿಲ್ಲ ಎಂದು ತಾವು ಕೇಳಿದ್ದೀರಿ. ಪ್ರೋಟೀನ್ ತಯಾರಾಗುತ್ತದೆ, ಆದರೆ ಉಳಿಯುವುದಿಲ್ಲ. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ 16 ಮತ್ತು 18ನೇ ಬಗೆಗಳ ಇ6 ಎಂಬ ಪ್ರೋಟೀನಿಗೆ ಪಿ53ಯನ್ನು ತುಂಡರಿಸುವ ಶಕ್ತಿ ಸ್ವತಃ ಇಲ್ಲ. ಅದು ಮೊದಲು ನಮ್ಮದೇ ಕೋಶದ ಇ6ಎಪಿ ಎಂಬ ಕಿಣ್ವವನ್ನು ಹಿಡಿದು, ಅದರೊಡನೆ ಜೋಡಿಯಾಗಿ ಪಿ53ಗೆ ಅಂಟಿಕೊಂಡು, ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿಯನ್ನು ಅದಕ್ಕೆ ತೊಡಿಸುತ್ತದೆ. ಆ ಗುರುತು ಕಂಡೊಡನೆ ಪ್ರೋಟೀನುಗಳನ್ನು ಒಡೆಯುವ ಕೋಶದ ಯಂತ್ರವಾದ ಪ್ರೋಟಿಯಾಸೋಮ್ ಪಿ53ಯನ್ನು ಚೂರುಚೂರು ಮಾಡುತ್ತದೆ. (ವೈರಸ್ಸಿನ ಸಹವಾಸವಿಲ್ಲದಾಗ ಇ6ಎಪಿ ಸಾಮಾನ್ಯವಾಗಿ ಪಿ53ಯ ತಂಟೆಗೆ ಹೋಗುವುದಿಲ್ಲ.) ಅದೇ ವೈರಸ್ಸಿನ ಇ7 ಪ್ರೋಟೀನ್ ನಮ್ಮ ಕೋಶದ ಆರ್‌ಬಿ ಎಂಬ ಇನ್ನೊಂದು ಕಾವಲು ಪ್ರೋಟೀನನ್ನು ಹಿಡಿದು ಕೋಶವಿಭಜನೆಯ ತಡೆಯನ್ನು ತೆಗೆಯುವುದು ಬೇರೆಯೇ ಮಾತು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ರೋಗಿಯ ಗರ್ಭಕಂಠದ ಗಡ್ಡೆಯಿಂದ ಬೆಳೆಸಿದ ಹೀಲಾ ಕೋಶಗಳಲ್ಲಿ ಎಚ್‌ಪಿವಿ 18ರ ಇ6 ತಯಾರಿಕೆಯನ್ನು ತಡೆದರೆ, ಪಿ53 ಇಂದಿಗೂ ಮತ್ತೆ ಕಾಣಿಸಿಕೊಳ್ಳುತ್ತದೆ.