ಮುತ್ಯಾನ ಕಾಲದ ವಿಲಾಯತಿ ಬಂದೂಕು ಹಾರಿಸಬಹುದಾ?

ನೀವು ಕೇಳಿದ್ದು ಇಷ್ಟು: ಸಿಂಧನೂರು ಹತ್ತಿರದ ಹಳ್ಳಿ, ಮುತ್ಯಾನಿಂದ ಬಂದ, ನಳಿಕೆಯ ಬಾಯಿಂದ ಮದ್ದು ತುಂಬೋ ಇಂಗ್ಲೆಂಡಿನ ಬಂದೂಕು, ಲೈಸನ್ಸ್ ಅಪ್ಪನ ಹೆಸರಿನಲ್ಲಿದೆ, ನಳಿಕೆ ಗಟ್ಟಿ ಇದೆ, ಬನ್ನಿ ಹಬ್ಬಕ್ಕೆ ಒಂದು ಸಲ ಹಾರಿಸಬಹುದಾ ಅಂತ.

ಬೇಡ. ಹಬ್ಬಕ್ಕಂತೂ ಬೇಡವೇ ಬೇಡ. 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಆಗಿದೆ. ಸಂಭ್ರಮಕ್ಕೆ ಅಂತ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಇನ್ನು ಬಂದೂಕಿನ ವಿಷಯ. ನಾನು ಫೌಜಿನಲ್ಲಿ ಆರ್ಮರರ್, ಅಂದ್ರೆ ಆಯುಧ ರಿಪೇರಿ ಮಾಡೋನು, ಆಗಿದ್ದವನು, ಈಗ ಗಂಗಾವತಿ ಕಡೆ ಭತ್ತ ಬೆಳೆದುಕೊಂಡಿದ್ದೇನೆ. ಊರವರು ಆಗಾಗ ಇಂಥವನ್ನು ತೋರಿಸೋಕೆ ತರುತ್ತಾರೆ, ಎಲ್ಲರದ್ದೂ ನಿಮ್ಮ ಮಾತೇ, ನಳಿಕೆ ಗಟ್ಟಿ ಇದೆ ಸಾರ್ ಅಂತ. ಬೆರಳಲ್ಲಿ ತಟ್ಟಿ ನೋಡಿ ಗಟ್ಟಿ ಅನ್ನೋಕೆ ಅದೇನು ಮಡಕೆನಾ?

ಕುಷ್ಟಗಿ ಕಡೆಯ ಒಬ್ಬ ಅಜ್ಜ ತಂದಿದ್ದರು. "ನಮ್ಮಪ್ಪ ಹೋದ ಮೇಲೆ ಯಾರೂ ಮುಟ್ಟಿಲ್ಲ, ಖಾಲಿ ಐತಿ" ಅಂದರು. ಮದ್ದು ಜಡಿಯೋ ಸಲಾಕೆಯನ್ನು ಮೆಲ್ಲಗೆ ಒಳಗೆ ಬಿಟ್ಟೆ, ಬಾಯಿಯ ಮಟ್ಟಕ್ಕೆ ಉಗುರಲ್ಲಿ ಗುರುತು ಹಿಡಿದು ಹೊರತೆಗೆದು, ನಳಿಕೆಯ ಪಕ್ಕಕ್ಕೇ ಇಟ್ಟು ಅಳೆದೆ. ಬುಡಕ್ಕೆ ನಾಲ್ಕು ಬೆರಳು ಕಡಿಮೆ. ಅಂದ್ರೆ ತುಂಬಿದ ಮದ್ದು, ಗುಂಡು ಇನ್ನೂ ಒಳಗೇ ಇತ್ತು! ಕಪ್ಪು ಮದ್ದು ಹಳತಾದರೆ ಸತ್ತುಹೋಗುತ್ತೆ ಅಂತ ತಿಳಿಯಬೇಡಿ, ಒಣಗಿದ್ದರೆ ನೂರು ವರ್ಷ ಆದರೂ ಹತ್ತಿಕೊಳ್ಳುತ್ತೆ. ಅಜ್ಜ ಅದನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದರು.

ಖಾಲಿ ಇದ್ದರೂ ಮುಗೀಲಿಲ್ಲ. ಕೆಡೋದು ಹಿಂದಿನ ತುದಿ. ಅಲ್ಲಿ ಥ್ರೆಡ್ ಇರುವ ಕಬ್ಬಿಣದ ಬಿರಡೆ ನಳಿಕೆಯನ್ನು ಮುಚ್ಚಿರುತ್ತೆ. ಒತ್ತಡವೆಲ್ಲ ಬೀಳೋದು ಅಲ್ಲಿ, ಅದರ ಹಿಂದೆ ನಿಮ್ಮ ಮುಖ. ಮದ್ದು ಸುಟ್ಟ ಮಸಿ ತೇವ ಎಳೆದುಕೊಳ್ಳುತ್ತೆ, ಬಿಸಿನೀರಲ್ಲಿ ತೊಳೆದು ಎಣ್ಣೆ ಹಚ್ಚದಿದ್ದರೆ ಆ ಮೂಲೆಯನ್ನೇ ಮೊದಲು ತುಕ್ಕು ತಿನ್ನುತ್ತೆ. ಹೊರಗಿಂದ ಕಾಣಲ್ಲ. ಕುದುರೆ ಬಡಿದಾಗ ಕಿಡಿ ಕೊಡೋ ಕೇಪನ್ನು ಕೂರಿಸೋ ಸಣ್ಣ ಕೊಳವೆ, ನಿಪ್ಪಲ್, ಸವೆದಿದ್ದರೆ ಅದೇ ಕಿತ್ತು ಹಾರಬಹುದು.

ನಳಿಕೆಯ ಮೇಲೆ ಮುದ್ರೆ ಹುಡುಕಿ. ಕಿರೀಟ, ಕತ್ತರಿಯಂತೆ ಅಡ್ಡ ಹಾಯ್ದ ಎರಡು ರಾಜದಂಡ, ಬಿ ಪಿ ಸಿ ಅಕ್ಷರ ಇದ್ದರೆ ಬರ್ಮಿಂಗ್‌ಹ್ಯಾಮಿನ ಪರೀಕ್ಷೆ ಮನೆಯದ್ದು, ಅದು 1813ರಲ್ಲಿ ಶುರುವಾದದ್ದು. ಮೊಟ್ಟೆಯಾಕಾರದೊಳಗೆ ಇ ಎಲ್ ಜಿ ಇದ್ದರೆ ಬೆಲ್ಜಿಯಂನದು, ಇಂಗ್ಲೆಂಡಿನದಲ್ಲ. ಮಾಮೂಲಿಗಿಂತ ಜಾಸ್ತಿ ಮದ್ದು ಹಾಕಿ ಸಿಡಿಸಿ ನೋಡಿ ಹೊಡೆದ ಮುದ್ರೆ ಅದು, ಆದರೆ ಅವತ್ತಿನ ನಳಿಕೆಗೆ, ಕಪ್ಪು ಮದ್ದಿಗೆ. ಇವತ್ತಿನದಕ್ಕಲ್ಲ. 1857ರ ದಂಗೆಯ ನಂತರ ದೇಶೀ ಸಿಪಾಯಿಗಳಿಗೆ ಅಂತ ಬ್ರಿಟಿಷ್ ಫೌಜಿನ ಎನ್‌ಫೀಲ್ಡ್ ಬಂದೂಕಿನ ನಳಿಕೆಯೊಳಗಿನ ಗೆರೆ ಕೊರೆದು ತೆಗೆದು ನುಣುಪು ಮಾಡಿ ಕೊಟ್ಟಿದ್ದೂ ಇದೆ, ಕೊರೆದಷ್ಟು ಗೋಡೆ ತೆಳು. (ಕೊಪ್ಪಳ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯರು ಹೋರಾಡಿದ ಕಾಲದ್ದು ಅಂತ ಪ್ರತಿ ಬಂದೂಕಿಗೂ ಒಂದು ಕತೆ ಇರುತ್ತೆ ನಮ್ಮ ಕಡೆ. ಕತೆ ಚೆನ್ನಾಗಿದೆ, ನಳಿಕೆ ಬೇರೆ.)

ಮದ್ದಿನ ವಿಷಯದಲ್ಲಿ ಸುಮ್ನೆ ಪ್ರಯೋಗ ಬೇಡ. ತೋಟೆ ಒಡೆದು ತೆಗೆದ ಹೊಗೆಯಿಲ್ಲದ ಪುಡಿಯನ್ನು ಚಿಟಿಕೆ ಹಾಕಿದರೂ ಇಂಥ ನಳಿಕೆ ಸೀಳಬಹುದು, ಅದರ ಒತ್ತಡವೇ ಬೇರೆ. ಕ್ವಾರಿ ಮದ್ದು, ಪಟಾಕಿ ಮದ್ದೂ ಬೇಡ. ಸರಿಯಾದ ಮದ್ದೇ ಆದರೂ ಗುಂಡು ಪೂರ್ತಿ ಕೆಳಗಿಳಿಯದೆ ನಡುವೆ ನಿಂತಿದ್ದರೆ ಆ ಖಾಲಿ ಜಾಗದಿಂದಲೇ ನಳಿಕೆ ಉಬ್ಬುತ್ತೆ ಅಥವಾ ಸಿಡಿಯುತ್ತೆ.

ಅಪ್ಪ ಇದ್ದಾರಲ್ವಾ? ಅವರೇ ಲೈಸನ್ಸ್ ಸಮೇತ ಪರವಾನಗಿ ಇರುವ ಬಂದೂಕು ರಿಪೇರಿಯವರ ಹತ್ತಿರ ಒಯ್ಯಲಿ, ನೀವು ಒಬ್ಬರೇ ಹೊತ್ತುಕೊಂಡು ಹೋಗಬೇಡಿ. ಬಿರಡೆ ಬಿಚ್ಚಿ ಒಳಗೆ ದೀಪ ಹಾಕಿ ನೋಡಿದ ಮೇಲೆ ಅವರು ಹಾರಿಸಬೇಡಿ ಅಂದರೆ ಅಲ್ಲಿಗೆ ಬಿಡಿ. ಆದರೆ ಮನೆಯಿಂದ ಹೊರಡೋ ಮೊದಲು ಅಪ್ಪನ ಕೈಯಲ್ಲಿ ಆ ಸಲಾಕೆ ಅಳತೆ ಮಾಡಿಸಿ. ಮುಖ ನಳಿಕೆಯ ಬಾಯಿಗೆ ಅಡ್ಡ ಬರಬಾರದು, ಕೇಪು ಇದ್ದರೆ ಮೊದಲು ತೆಗೆದಿರಬೇಕು. ಅಳತೆ ಕಡಿಮೆ ಬಂದರೆ ಎಲ್ಲಿಗೂ ಒಯ್ಯಬೇಡಿ, ರಿಪೇರಿಯವರನ್ನೇ ಮನೆಗೆ ಕರೆಸಿ.